ಮುದಿ ರಿವಾಲ್ವರಿಗೆ ಎಷ್ಟು ಮದ್ದು?

ಹುನ್ನೂರಿನ ನನ್ನ ಗೆಳೆಯನೊಬ್ಬ ಅಮೆರಿಕದಲ್ಲಿದ್ದಾನೆ. ಕಳೆದ ದೀಪಾವಳಿಗೆ ಅವನ ಮನೆಯ ಕಟ್ಟೆಯ ಮೇಲೆ ಅವನಪ್ಪನ ಜೊತೆ ಕೂತಿದ್ದಾಗ ವಿಡಿಯೊ ಕರೆ ಬಂತು. ಅವನ ಮೇಜಿನ ಮೇಲೆ ಖಾಲಿಯಾದ ಹಿತ್ತಾಳೆ ಕಾಡತೂಸುಗಳು, ಒಂದು ಪುಟ್ಟ ತಕ್ಕಡಿ, ನೂರು ವರ್ಷ ದಾಟಿದ ಕೋಲ್ಟ್ ರಿವಾಲ್ವರ್ ಇದ್ದವು. ಸ್ವಂತ ಬಳಕೆಗೆ ಮನೆಯಲ್ಲಿ ಕಾಡತೂಸು ತುಂಬಿಕೊಳ್ಳುವುದಕ್ಕೆ ಅಲ್ಲಿನ ಕಾನೂನಿನ ಅಡ್ಡಿಯಿಲ್ಲ. ಇಲ್ಲಿ ಪರವಾನಗಿಯಿಲ್ಲದೆ ಮಾಡಿದರೆ 1959ರ ಶಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

"ಇದಕ್ಕ ಅಂಗಡ್ಯಾಗಿನ ಜೋರಿನ ಗುಂಡು ತಡಿಯಂಗಿಲ್ಲಪ್ಪಾ. ನಾನ ಮದ್ದು ತೂಗಿ ಮೆತ್ತಗಿಂದು ಮಾಡ್ಕೋತೀನಿ" ಎಂದ.

"ಮೆತ್ತಗ ಹೊಡದ್ರ ಸಾಯಂಗಿಲ್ಲೇನೋ?" ಎಂದು ಕಾಕಾ ಕೇಳಿದರು.

"ನಾ ಬರೇ ಕಾಗದಕ್ಕ ಹೊಡಿತೀನಿ."

"ಅದು ನಿನಗ ಗೊತ್ತೈತಿ. ಗುಂಡಿಗೆ ಗೊತ್ತೈತೇನು?"

ಗೆಳೆಯ ನಕ್ಕು ಮಾತು ಬದಲಿಸಿದ. ನನಗೆ ಮಾತ್ರ ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಕೊಲ್ಲಲೆಂದೇ ಮಾಡಿದ ವಸ್ತುವೊಂದನ್ನು ಸೌಮ್ಯವಾಗಿ ಬಳಸುವುದು ಸದ್ಗುಣವೇ? ಇಲ್ಲಾ ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನವೇ?

ಮೊದಲು ಅವನ ಕೆಲಸವನ್ನು ಅರ್ಥ ಮಾಡಿಕೊಳ್ಳೋಣ. ಆ ರಿವಾಲ್ವರಿನ .45 ಕಾಡತೂಸು ಅಮೆರಿಕದ ಸೈನ್ಯಕ್ಕೆ ಬಂದದ್ದು 1873ರಲ್ಲಿ. ಆಗ ಅದರೊಳಗೆ ಸುಮಾರು 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು ಕರಿಮದ್ದು ತುಂಬುತ್ತಿದ್ದರು. ಏಟಿನ ಒದೆತ ಜೋರಾಯಿತೆಂದು ಸೈನ್ಯವೇ ಅದನ್ನು ಸುಮಾರು 30ಕ್ಕೆ ಇಳಿಸಿತು. ಮುಂದೆ ಹೊಗೆಯಿಲ್ಲದ ಹೊಸ ಮದ್ದು ಬಂತು. ಅದು ಸ್ವಲ್ಪದರಲ್ಲೇ ಬಹಳ ಒತ್ತಡ ಹುಟ್ಟಿಸುತ್ತದೆ. ಕರಿಮದ್ದಿನ ಕಾಲದ ಉಕ್ಕು ಅದನ್ನು ತಡೆಯುತ್ತದೆಂದು ಸುಮಾರು 1900ರವರೆಗೆ ಕೋಲ್ಟ್ ಕಂಪನಿಯೇ ಖಾತ್ರಿ ಕೊಡಲಿಲ್ಲ. ಆದ್ದರಿಂದ ಹಳೆಯ ರಿವಾಲ್ವರ್ ಇಟ್ಟುಕೊಂಡವರು ಕಡಿಮೆ ಒತ್ತಡದ ಕಾಡತೂಸನ್ನು ತಾವೇ ತುಂಬಿಕೊಳ್ಳುತ್ತಾರೆ. ಸುಟ್ಟ ಹಿತ್ತಾಳೆಯನ್ನು ಮತ್ತೆ ಆಕಾರಕ್ಕೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ, ಸೀಸದ ಗುಂಡು ಒತ್ತುತ್ತಾರೆ.

ಕಡಿಮೆ ಹಾಕಿದರೆ ಅಪಾಯವೂ ಕಡಿಮೆ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಹಳೆಯ ಕಾಡತೂಸಿನ ಹೊಟ್ಟೆ ಕರಿಮದ್ದಿಗೆಂದು ದೊಡ್ಡದಾಗಿ ಮಾಡಿದ್ದು. ಹೊಸ ಮದ್ದು ಅದರ ತಳದಲ್ಲಿ ಚಿಟಿಕೆಯಷ್ಟು ಕೂರುತ್ತದೆ. ಮೈಮರೆತು ಎರಡು ಸಲ ಸುರಿದರೂ ಜಾಗ ಉಳಿದಿರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಾರಿಸಿದಾಗ ರಿವಾಲ್ವರೇ ಕೈಯಲ್ಲಿ ಒಡೆಯಬಹುದು. ಇನ್ನೊಂದು ಕಡೆ, ಅತಿ ಕಡಿಮೆ ಹಾಕಿದರೆ ಗುಂಡು ಹೊರಬೀಳದೆ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸೀಳಬಹುದು. ಮೆತ್ತಗಿರುವುದಕ್ಕೂ ಕೆಳಗೊಂದು, ಮೇಲೊಂದು ಗೆರೆ ಇದೆ.

ಕನ್ನಡದಲ್ಲಿ ಔಷಧಕ್ಕೂ ಸಿಡಿಯುವ ಪುಡಿಗೂ ಮದ್ದು ಎಂಬ ಒಂದೇ ಹೆಸರಿದೆ. ಎರಡರಲ್ಲೂ ಅಳತೆಯೇ ಜೀವ. ಜೋರಿಗೆ ಬಲ ಸಾಕು, ಸಂಯಮಕ್ಕೆ ಎಚ್ಚರವೂ ಬೇಕು. ಕಾರ್ಖಾನೆಯಲ್ಲಿ ತಯಾರಾದ ಗುಂಡಿಗೆ ತಾನು ಯಾವ ಬಂದೂಕು ಸೇರುತ್ತೇನೆಂದು ಗೊತ್ತಿಲ್ಲ. ಕೈಯಾರೆ ತುಂಬಿದವನಿಗೆ ಗೊತ್ತಿದೆ. ಗೊತ್ತಿದ್ದವನಿಗೆ ಹೊಣೆಯೂ ಬರುತ್ತದೆ. ಇಷ್ಟರ ಮಟ್ಟಿಗೆ ಗೆಳೆಯನ ಕೆಲಸದಲ್ಲಿ ಒಂದು ನೀತಿಯಿದೆ.

ಆದರೆ ಈ ಸಂಯಮ ಯಾರ ಮೇಲಿನ ಕನಿಕರ? ರಿವಾಲ್ವರಿನ ಮೇಲೆ, ಹಿಡಿದ ಕೈಯ ಮೇಲೆ. ನಳಿಗೆಯ ಮುಂದಿರುವವರ ಮೇಲಲ್ಲ. ಮೆತ್ತಗಿನ ಗುಂಡೂ ಮನುಷ್ಯನನ್ನು ಕೊಲ್ಲುತ್ತದೆ. ನಮ್ಮ ಸೀಮೆಯಲ್ಲಿ ಜೈನ ಒಕ್ಕಲು ಮನೆತನಗಳು ಬಹಳ. ಅವರ ಶಾಸ್ತ್ರ ಹಿಂಸೆಯನ್ನು ಭಾವಹಿಂಸೆ, ದ್ರವ್ಯಹಿಂಸೆ ಎಂದು ಬಿಡಿಸಿ ನೋಡುತ್ತದೆ. ಒಂದು ಮನಸ್ಸಿನಲ್ಲಿ ನಡೆಯುವುದು, ಇನ್ನೊಂದು ಮೈಮೇಲೆ ನಡೆಯುವುದು. ಮದ್ದಿನ ತೂಕ ಇಳಿಸಿದರೆ ಏಟಿನ ಜೋರು ಇಳಿಯುತ್ತದೆ. ಮನಸ್ಸಿನೊಳಗಿನದನ್ನು ಯಾವ ತಕ್ಕಡಿಯೂ ತೂಗುವುದಿಲ್ಲ. ಆದ್ದರಿಂದ ಸೌಮ್ಯವಾದ ಗುಂಡನ್ನು ಅಹಿಂಸೆ ಎಂದು ಕರೆಯಲು ಬರುವುದಿಲ್ಲ.

ಹಾಗಾದರೆ ಆಯುಧವನ್ನೇ ಕಿತ್ತುಕೊಂಡರೆ ಮುಗಿಯಿತೇ? ಇದಕ್ಕೆ ನಮ್ಮ ಪಕ್ಕದ ಮುಧೋಳ ಸೀಮೆಯ ಹಲಗಲಿ ಸುಲಭದ ಉತ್ತರ ಕೊಡಲು ಬಿಡುವುದಿಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಬೇಟೆಯನ್ನೇ ನಂಬಿದ್ದ ಹಲಗಲಿಯ ಬೇಡರು ಹತಾರ ಕೊಡಲು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಊರಿಗೆ ಮುತ್ತಿಗೆ ಹಾಕಿತು, ಊರನ್ನು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಇನ್ನೊಬ್ಬರ ಕೈಯ ಆಯುಧಕ್ಕೆ ಅಳತೆ ಹಾಕಲು ಬಂದವರು ತಮ್ಮ ತೋಪಿಗೆ ಯಾವ ಅಳತೆಯನ್ನೂ ಇಟ್ಟುಕೊಳ್ಳಲಿಲ್ಲ. ಆ ಕಥೆ ಲಾವಣಿಯಾಗಿ ಉಳಿದದ್ದು ಬರೀ ಹತಾರದ ಸಲುವಾಗಿ ಅಲ್ಲ, ಈ ಅನ್ಯಾಯದ ಸಲುವಾಗಿ.

ಇದನ್ನು ಹೇಳಿ ಇವತ್ತಿನ ಪರವಾನಗಿಯನ್ನು ತಳ್ಳಿಹಾಕಲು ನಾನು ಹೊರಟಿಲ್ಲ. ನಮ್ಮದೇ ಸಂಸತ್ತು ಮಾಡಿದ ಕಾಯ್ದೆಯನ್ನು ನಾವೇ ಪ್ರಶ್ನಿಸಬಹುದು, ಬದಲಿಸಬಹುದು. ಹಲಗಲಿಯವರಿಗೆ ಆ ದಾರಿ ಇರಲಿಲ್ಲ. ನಾನು ಹೇಳುವುದು ಇಷ್ಟೇ: ಹೊರಗಿನಿಂದ ಹೇರಿದ್ದು ನಿರ್ಬಂಧ, ತನ್ನ ಕೈಯಿಂದ ತೂಗಿಕೊಂಡದ್ದು ಸಂಯಮ. ಸಮಾಜಕ್ಕೆ ಎರಡೂ ಬೇಕು. ಎರಡನೆಯದು ಇಲ್ಲದವರ ಕೈಯಲ್ಲಿ ಮೊದಲನೆಯದೂ ಹಿಂಸೆಯಾಗುತ್ತದೆ.

ಕರೆ ಮುಗಿದ ಮೇಲೆ ಕಾಕಾ ತಮ್ಮ ಹಳೆಯ ಎತ್ತಿನ ಮಾತು ತೆಗೆದರು. ಕಬ್ಬಿನ ಹಂಗಾಮಿನಲ್ಲಿ ಅದಕ್ಕೆ ಪೂರ್ತಿ ಹೇರು ಹೇರುತ್ತಿರಲಿಲ್ಲವಂತೆ. "ಅದು ಬಾಯಿಬಿಟ್ಟು ಹೇಳಂಗಿಲ್ಲ, ನಮಗ ತಿಳೀಬೇಕು" ಎಂದರು.

ಎತ್ತಿಗೂ ರಿವಾಲ್ವರಿಗೂ ಒಂದು ವ್ಯತ್ಯಾಸವಿದೆ. ಎತ್ತಿಗೆ ನೋವಾಗುತ್ತದೆ, ಕಬ್ಬಿಣಕ್ಕೆ ಆಗುವುದಿಲ್ಲ. ಗೆಳೆಯ ಮುದಿ ಕಬ್ಬಿಣಕ್ಕೆ ಎಷ್ಟು ತಾಳಿಕೆ ಇದೆ ಎಂದು ಲೆಕ್ಕ ಹಾಕುವಷ್ಟು ಸೂಕ್ಷ್ಮ ಕಲಿತಿದ್ದಾನೆ. ಒಳ್ಳೆಯದೇ. ಆ ಸೂಕ್ಷ್ಮ ಮೇಜಿನ ಮೇಲಿನ ತಕ್ಕಡಿಯಲ್ಲೇ ನಿಂತರೆ ಅದು ಒಂದು ಕಸುಬು. ನಾವು ಆಡುವ ಮಾತು, ಮಾಡುವ ಅಧಿಕಾರ, ಮಕ್ಕಳ ಮೇಲೆ ತೋರುವ ಸಿಟ್ಟು ಎದುರಿನವರಿಗೆ ಎಷ್ಟು ತಾಳುತ್ತದೆ ಎಂದು ತೂಗುವವರೆಗೆ ಹೋದರೆ ಆಗ ಅದು ನೀತಿ. ಮುಂದಿನ ಕರೆಯಲ್ಲಿ ಅವನಿಗೆ ಇಷ್ಟು ಹೇಳಬೇಕೆಂದುಕೊಂಡಿದ್ದೇನೆ, ಅದೂ ಮೆತ್ತಗೆ.