ಜೀರ್ಣೋದ್ಧಾರವೂ ದಾಸೋಹವೂ

ದೇಹವನ್ನೇ ದೇಗುಲವೆಂದು ಭಾವಿಸಿದ ಬಸವಣ್ಣನವರು ಕಲ್ಲಿನ ಕಟ್ಟಡವನ್ನು ನಶ್ವರವೆಂದು ಬಗೆದರು. ಹೀಗಿರಲು ಆ ಮಾರ್ಗದಲ್ಲಿ ನಡೆಯುವವರು ಹಳೆಯ ಗುಡಿ, ಮಠ, ಬಾವಿಗಳ ರಕ್ಷಣೆಗಾಗಿ ಧನವನ್ನೂ ಶ್ರಮವನ್ನೂ ವ್ಯಯಿಸುವುದು ಯುಕ್ತವೇ ಎಂಬ ಜಿಜ್ಞಾಸೆಯು ಸಹಜವಾಗಿಯೇ ಏಳುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಗಳ ಹಲವು ಊರುಗಳಲ್ಲಿ ಪುರಾತನ ಗುಡಿಗಳು ಜೀರ್ಣಿಸಿ ನಿಂತಿರುವುದರಿಂದ ಇದು ಕೇವಲ ತರ್ಕದ ಮಾತಲ್ಲ.

ಇಂಡಿ ಸೀಮೆಯ ಸಾಲೋಟಗಿಯನ್ನು ನೋಡಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. 945ರ ಶಾಸನವು, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ, ದೀಪದ ಎಣ್ಣೆಗಾಗಿ 12 ನಿವರ್ತನ ಭೂಮಿಯನ್ನೂ ಹೇಳುತ್ತದೆ. ಮದುವೆ, ಉಪನಯನ, ಚೌಲಗಳ ಕಾಲದಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸಬೇಕಾಗಿತ್ತು. ಮುಂದೆ ಆ ಶಾಲೆಯು ಬೀಳಲು ಸಾಮಂತನೊಬ್ಬನು ಅದನ್ನು ಮರಳಿ ಎತ್ತಿಸಿದನು. ಅದು ಒಂದೇ ವರ್ಣದವರಿಗೆ ಮೀಸಲಾದ ವಿದ್ಯೆಯಾಗಿತ್ತೆಂಬುದೂ, ಶರಣರು ಆ ಕಟ್ಟನ್ನು ಒಪ್ಪಲಿಲ್ಲವೆಂಬುದೂ ನಿಜ. ಆದರೂ ಕಟ್ಟಡವನ್ನು ಉಳಿಸುವ ಹೊಣೆಯನ್ನು ಮನೆಮನೆಯ ಮಂಗಲಕಾರ್ಯಕ್ಕೆ ಜೋಡಿಸಿದ ಆ ವಿವೇಕವು ಮನನೀಯವಾದುದು. ಪಾವಿಟ್ಟಗೆಯೆಂಬ ಊರು ಆ ಶಾಲೆಯಿಂದಲೇ ಶಾಲಾಪಾವಿಟ್ಟಗೆಯಾಗಿ, ಕ್ರಮೇಣ ಸಾಲೋಟಗಿಯಾಯಿತು.

ಹೊಸದನ್ನು ಕಟ್ಟಿಸಿದವನ ಹೆಸರು ಬಾಗಿಲ ಮೇಲೆ ಕೆತ್ತಲ್ಪಡುತ್ತದೆ. ಮಾಳಿಗೆಯಲ್ಲಿ ಬೇರೂರಿದ ಅರಳಿಯ ಸಸಿಯನ್ನು ಕಿತ್ತು, ಬಿರುಕಿಗೆ ಗಚ್ಚು ತುಂಬಿ, ಮಳೆನೀರು ಹೊರಹೋಗುವ ದಾರಿಯನ್ನು ಶುಚಿಮಾಡಿದವನ ಹೆಸರನ್ನು ಯಾರೂ ಬರೆಯರು. ದಾಸೋಹದ ಜೀವವು ಕರ್ತೃತ್ವದ ಅಭಿಮಾನವನ್ನು ಬಿಡುವುದರಲ್ಲಿಯೇ ಇರುವುದಾದರೆ, ಈ ಎರಡನೆಯವನ ಕಾಯಕವೇ ಅದಕ್ಕೆ ಸಮೀಪವಾದುದು. ಸ್ಥಾವರವು ನಶ್ವರವೆಂಬ ಉಪದೇಶವು ಕಟ್ಟಿಸಿದವನ ಗರ್ವವನ್ನು ಖಂಡಿಸಿತೇ ಹೊರತು ಕಾಪಾಡುವವನ ಸೇವೆಯನ್ನಲ್ಲ.

ಜೀರ್ಣೋದ್ಧಾರವೆಂಬ ಹೆಸರಿನಿಂದ ನಡೆಯುವುದೆಲ್ಲವೂ ಉದ್ಧಾರವೂ ಅಲ್ಲ. ಶಾಸನದ ಅಕ್ಷರಗಳ ಮೇಲೆ ಎಣ್ಣೆಬಣ್ಣ ಬಳಿಯುವುದು, ಸುಣ್ಣದ ಗಾರೆಯನ್ನು ಕೆದರಿ ಸಿಮೆಂಟು ಮೆತ್ತುವುದು ಭಕ್ತಿಯಿಂದಲೇ ಆಗುತ್ತಿದೆ. ಸುಣ್ಣದ ಗಾರೆಯು ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ತಡೆಯುವುದರಿಂದ ಕಲ್ಲಿನ ಮೈ ಪದರುಪದರಾಗಿ ಉದುರುತ್ತದೆ.

ಹಸಿದ ವಿದ್ಯಾರ್ಥಿಯ ಅನ್ನವನ್ನು ಕಸಿದು ಕಲ್ಲಿಗೆ ಸುರಿಯಬೇಕೇ ಎಂದು ಕೇಳುವವರುಂಟು. ಎಂದಿಗೂ ಬೇಡ, ಜಂಗಮವೇ ಮೊದಲು. ಆದರೆ ಗುಡಿಯ ಮಾಳಿಗೆ ಸೋರುತ್ತಿರುವಾಗ ಎದುರಿಗೆ ಹೊಸ ಮಹಾದ್ವಾರಕ್ಕೆ ವಂತಿಗೆ ಎತ್ತುವುದು ವಿದ್ಯಾರ್ಥಿಯ ಹಸಿವನ್ನು ಕಂಡಲ್ಲ.

ನಾರಾಯಣಪುರದ ಜಲಾಶಯದಿಂದ ಕೂಡಲಸಂಗಮದ ಐಕ್ಯಮಂಟಪವು ಮುಳುಗುವಂತಾದಾಗ, ಅದನ್ನು ಕಿತ್ತು ದಡದಲ್ಲಿ ಬೇರೊಂದನ್ನು ನಿಲ್ಲಿಸದೆ, ಸುತ್ತಲೂ ಬಾವಿಯಂತೆ ಗೋಡೆಯನ್ನು ಎತ್ತಲಾಯಿತು. ಹೊರಗೆ ನದಿಯ ನೀರು ಏರಿದರೂ ಯಾತ್ರಿಕರು ಮೆಟ್ಟಿಲಿಳಿದು ಹಿಂದಿನ ನೆಲದಲ್ಲಿಯೇ ನಿಂತಿರುವ ಆ ಸಣ್ಣ ಮಂಟಪವನ್ನು ಕಾಣುತ್ತಾರೆ.