ಕೈಯಾರೆ ಮಾಡಿದ ಹಾರೈಕೆ

ಶುಭಾಶಯದ ಕಾರ್ಡನ್ನು ಅಂಗಡಿಯಿಂದ ಕೊಂಡು ಕಳಿಸುವುದು ಮೇಲೋ, ಮನೆಯಲ್ಲಿ ಕುಳಿತು ಕೈಯಾರೆ ಮಾಡಿ ಕಳಿಸುವುದು ಮೇಲೋ ಎಂಬ ಪ್ರಶ್ನೆಯನ್ನು ಯಾರಾದರೂ ಗಂಭೀರವಾಗಿ ಎತ್ತಿಕೊಂಡರೆ ನಗು ಬರುವುದು ಸಹಜ. ಅಕ್ಕಿ ಬೇಳೆಯ ಬೆಲೆ, ಮಕ್ಕಳ ಶಾಲೆಯ ಪ್ರವೇಶ, ಮನೆಯ ಬಾಡಿಗೆ ಇವುಗಳ ನಡುವೆ ಇದೂ ಒಂದು ಸಮಸ್ಯೆಯೇ ಎನ್ನಿಸಬಹುದು. ಆದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಅಷ್ಟು ಹಗುರವಾದುದಲ್ಲ. ತಂಗಿಯ ಸೀಮಂತ ಧಾರವಾಡದಲ್ಲಿ, ಸೋದರಮಾವನ ಷಷ್ಟ್ಯಬ್ದಿ ಬಾಗಲಕೋಟೆಯಲ್ಲಿ, ಬಾಲ್ಯದ ಗೆಳೆಯನ ಮನೆಯ ಗೃಹಪ್ರವೇಶ ಗದಗಿನಲ್ಲಿ, ನಾವೋ ಖಡಕಿಯಲ್ಲಿ. ರಜೆ ಸಿಕ್ಕರೆ ರೈಲಿನ ಟಿಕೇಟು ಸಿಗದು, ಟಿಕೇಟು ಸಿಕ್ಕರೆ ಮಕ್ಕಳ ಪರೀಕ್ಷೆ ಬಂದಿರುತ್ತದೆ. ಹೋಗಬೇಕಾದ ಕಡೆಗೆಲ್ಲ ಹೋಗಲಾಗದವರ ಬದುಕಿನಲ್ಲಿ ನಮ್ಮ ಪರವಾಗಿ ಹೋಗುವುದು ಒಂದು ತುಂಡು ಕಾಗದ. ಅದು ನಮ್ಮ ಪರವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂದು ಕೇಳಿಕೊಳ್ಳುವುದು ಆದ್ದರಿಂದ ಬರಿಯ ಅಲಂಕಾರದ ಮಾತಲ್ಲ, ಧರ್ಮದ ಮಾತು.

ಮೊದಲಿಗೆ ಒಂದು ವಿಷಯವನ್ನು ಒಪ್ಪಿಕೊಳ್ಳೋಣ. ಶುಭಾಶಯದ ಕಾರ್ಡು ನಮ್ಮ ಹಿರಿಯರು ಬಳಸಿದ ವಸ್ತುವಲ್ಲ. ಅವರು ಹಾರೈಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯಿಂದ ಮನೆಗೆ ಹೋಗುತ್ತಿದ್ದರು. ಸಂಕ್ರಾಂತಿಗೆ ಎಳ್ಳು ಬೆಲ್ಲ, ವಿಜಯದಶಮಿಗೆ ಬನ್ನಿ. ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ’ ಎಂದು ನಮ್ಮ ಉತ್ತರ ಕರ್ನಾಟಕದಲ್ಲಿ ಹೇಳುವುದನ್ನೇ ಇಲ್ಲಿಯ ನೆರೆಹೊರೆಯವರು ಆಪಟೆಯ ಎಲೆಯನ್ನು ಬಂಗಾರವೆಂದು ಕೊಟ್ಟು ಹೇಳುತ್ತಾರೆ. ನಮ್ಮ ಎಳ್ಳು ಬೆಲ್ಲಕ್ಕೆ ಇವರ ತಿಳಗುಳ ಜೋಡಿ. ಆ ಎಲೆಯನ್ನು ಯಾರೂ ತಮ್ಮ ಕೈಯಿಂದ ಮಾಡಿರುವುದಿಲ್ಲ. ಪೇಟೆಯಲ್ಲಿ ಕಟ್ಟಿನ ಲೆಕ್ಕದಲ್ಲಿ ಕೊಂಡಿರುತ್ತಾರೆ. ಆಡುವ ಮಾತೂ ಸ್ವಂತದ್ದಲ್ಲ. ಎಲ್ಲರಿಗೂ ಅದೇ ಮಾತು. ಆದರೂ ಬನ್ನಿ ಕೊಡಲು ಬಂದವನ ಹಾರೈಕೆ ಪೊಳ್ಳು ಎಂದು ಯಾರಿಗೂ ಅನ್ನಿಸಿಲ್ಲ. ಏಕೆಂದರೆ ಎಲೆಯ ಹಿಂದೆ ಮನುಷ್ಯನೇ ನಿಂತಿರುತ್ತಾನೆ. ಹೊಸ್ತಿಲು ದಾಟಿ ಬಂದಿದ್ದಾನೆ, ಹಿರಿಯರ ಕಾಲು ಮುಟ್ಟಿದ್ದಾನೆ, ಕಳೆದ ವರ್ಷದ ಮನಸ್ತಾಪವನ್ನು ಬಾಗಿಲ ಹೊರಗೆ ಬಿಟ್ಟಿದ್ದಾನೆ. ಮಾತು ಎರವಲಿನದಾದರೂ ನಡೆದು ಬಂದ ಕಾಲು ಸ್ವಂತದ್ದು.

ಪತ್ರಗಳ ಕಾಲದಲ್ಲಿಯೂ ಹೀಗೆಯೇ ಇತ್ತು. ‘ಉಭಯ ಕುಶಲೋಪರಿ’ ಎಂಬಲ್ಲಿಂದ ಹಿಡಿದು ‘ಸಾಷ್ಟಾಂಗ ನಮಸ್ಕಾರಗಳು’ ಎಂಬಲ್ಲಿಯವರೆಗೆ ಅರ್ಧ ಪತ್ರವೆಲ್ಲ ಸಿದ್ಧ ಮಾತುಗಳೇ. ಆದರೆ ಅಕ್ಷರ ತಂದೆಯದೋ ಅಣ್ಣನದೋ ಆಗಿರುತ್ತಿದ್ದರಿಂದ ಆ ಸಿದ್ಧ ಮಾತಿಗೂ ಒಂದು ದನಿ ಬರುತ್ತಿತ್ತು. ಇಂದಿಗೂ ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ ಕುಂಕುಮ ಹಚ್ಚದೆ ನಾವು ಹಂಚುವುದಿಲ್ಲ. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳದೆ ಹರಿದು ಹಾಕುವವರೂ ಇದ್ದಾರೆ. ಅಚ್ಚಾಗಿ ಬಂದ ನೂರಾರು ಪತ್ರಿಕೆಗಳಲ್ಲಿ ಒಂದೊಂದಕ್ಕೂ ಬೆರಳು ಅದ್ದಿ ಹಚ್ಚಿದ ಆ ಅರಿಷಿಣದ ಬೊಟ್ಟನ್ನೇ ನಮ್ಮ ಜನರ ಮೊದಲ ಕೈಕೆಲಸದ ಕಾರ್ಡು ಎಂದರೂ ತಪ್ಪಾಗದು.

ಅಚ್ಚಿನ ಕಾರ್ಡಿನ ಹುಟ್ಟೇ ಸ್ವಾರಸ್ಯವಾಗಿದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಹಬ್ಬದ ಪತ್ರಗಳ ರಾಶಿ ಬೆಳೆಯಿತು. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯಲು ಪುರಸೊತ್ತಿಲ್ಲದೆ, 1843ರಲ್ಲಿ ಚಿತ್ರಕಾರ ಹಾರ್ಸ್‌ಲಿಯಿಂದ ಒಂದು ಚಿತ್ರ ಬರೆಸಿ ಸುಮಾರು 1,000 ಪ್ರತಿ ಅಚ್ಚು ಹಾಕಿಸಿದನು. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟನು. ಅಂದರೆ ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಸಮಯ ಉಳಿಸುವ ಉಪಾಯವಾಗಿ. ಆದರೂ ಆ ಕಾರ್ಡುಗಳಿಗೆ ಬಣ್ಣವನ್ನು ಕೈಯಿಂದಲೇ ತುಂಬಲಾಗಿತ್ತು! ಮುಂದೆ 1910ರಲ್ಲಿ ಅಮೆರಿಕದ ಹಾಲ್‌ಮಾರ್ಕ್, 1979ರಲ್ಲಿ ನಮ್ಮ ದೇಶದ ಆರ್ಚೀಸ್ ಕಂಪನಿಗಳು ಪ್ರಾರಂಭವಾದವು. ತಾಯಿಗೆ, ಗೆಳತಿಗೆ, ಕಾಯಿಲೆ ಬಿದ್ದವರಿಗೆ, ಕ್ಷಮೆ ಕೇಳುವುದಕ್ಕೆ ಎಂದು ಸಂದರ್ಭಕ್ಕೊಂದು ಕಾರ್ಡು ಅಂಗಡಿಯ ಗೂಡುಗಳಲ್ಲಿ ಬಂದು ಕುಳಿತವು. ಈಗ ಮೊಬೈಲು ಬಂದು ಆ ಗೂಡುಗಳನ್ನೂ ಬರಿದು ಮಾಡುತ್ತಿದೆ. ಬೆಳಿಗ್ಗೆ ಒಬ್ಬರು ಕಳಿಸಿದ ಯುಗಾದಿಯ ಚಿತ್ರವನ್ನು ನಾವು ಐವತ್ತು ಮಂದಿಗೆ ದಾಟಿಸುತ್ತೇವೆ. ಅದು ಸಂಜೆಯೊಳಗೆ ಇನ್ನೊಂದು ದಾರಿಯಿಂದ ನಮಗೇ ತಿರುಗಿ ಬರುತ್ತದೆ.

ಇದನ್ನು ಕಂಡು ಬೇಸತ್ತವರು ಹೇಳುವುದು ಇದು: ಕೈಯಾರೆ ಮಾಡಿ. ಸಾಮಗ್ರಿಗೆ ಕೊರತೆಯೇನೂ ಇಲ್ಲ. ಖಡಕಿಗೆ ಹತ್ತಿರದ ಶಿವಾಜಿನಗರದಲ್ಲಿಯೇ 1940ರಲ್ಲಿ ಸ್ಥಾಪಿತವಾದ ಕೈಕಾಗದದ ಸಂಸ್ಥೆಯಿದೆ. ಹತ್ತಿ ಬಟ್ಟೆಯ ಚಿಂದಿಯನ್ನು ಅರೆದು, ನೀರಿನಲ್ಲಿ ಕದಡಿ, ಜರಡಿಯಿಂದ ಎತ್ತಿ, ಒತ್ತಿ ಒಣಗಿಸಿದ ಕಾಗದವದು. ಮರ ಕಡಿಯುವ ಮಾತಿಲ್ಲ. ಅಂಥ ಒಂದು ಹಾಳೆಯನ್ನು ಮಡಿಸಿ, ಮುಂಭಾಗದಲ್ಲಿ ಅಜ್ಜಿ ಕಲಿಸಿದ ಚುಕ್ಕಿ ರಂಗೋಲಿಯನ್ನು ಬಿಡಿಸಿದರೆ ದೀಪಾವಳಿಯ ಕಾರ್ಡಾಯಿತು. ಸಣ್ಣ ಬಟ್ಟೆಯ ಮೇಲೆ ಕಸೂತಿಯ ಗೋಪುರವನ್ನೋ ತೇರನ್ನೋ ತೆಗೆದು ಅಂಟಿಸಿದರೆ ಮದುವೆಗಾಯಿತು. ಒಣಗಿಸಿದ ಬೇವಿನ ಎಲೆಯಿದ್ದರೆ ಯುಗಾದಿಗೆ ಸಾಕು. ಇವೆಲ್ಲ ನಿಜವಾಗಿ ಸೊಗಸಾದ ಕೆಲಸಗಳು. ಆದರೆ ಕೈಯಾರೆ ಮಾಡಿದ್ದೆಂಬ ಒಂದೇ ಕಾರಣಕ್ಕೆ ಅದು ಹೆಚ್ಚಿನ ಪ್ರೀತಿಯಾದೀತೆ?

ಆಗಲಾರದು ಎನ್ನುವುದಕ್ಕೆ ಕಾರಣಗಳಿವೆ. ಶ್ರಮವೇ ಪ್ರೀತಿಯ ಅಳತೆಯಾದರೆ, ಚೆನ್ನಾಗಿ ಬಿಡಿಸಲು ಬಾರದವನಿಗೆ ಹೆಚ್ಚು ಹೊತ್ತು ಹಿಡಿಯುವುದರಿಂದ ಅವನೇ ದೊಡ್ಡ ಪ್ರೇಮಿಯಾಗಬೇಕಾಗುತ್ತದೆ! ಇನ್ನು ಕುಶಲಿಯಾದವನ ಕಾರ್ಡಿನಲ್ಲಿ ಬೇರೊಂದು ಅಪಾಯವಿದೆ. ‘ನಿನಗೆ ಒಳ್ಳೆಯದಾಗಲಿ’ ಎನ್ನುವುದಕ್ಕಿಂತ ‘ನಾನು ಹೇಗೆ ಮಾಡಿದ್ದೇನೆ ನೋಡು’ ಎಂಬುದೇ ಅದರಲ್ಲಿ ಗಟ್ಟಿಯಾಗಿ ಕೇಳಿಸಬಹುದು. ಪಡೆದವರು ಸಂತೋಷಪಡುವ ಬದಲು ಹೊಗಳುವ ಸಾಲಕ್ಕೆ ಬೀಳುತ್ತಾರೆ. ಮಕ್ಕಳ ಹೆಸರಿನಲ್ಲಿ ತಾಯಂದಿರು ರಾತ್ರಿ ಕುಳಿತು ಮಾಡುವ ಕಾರ್ಡುಗಳ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿ ಕೈಕೆಲಸವಿದೆ, ಬೆವರೂ ಇದೆ. ಆದರೆ ಹಾರೈಸಬೇಕಾದ ಮಗುವೇ ನಿದ್ದೆ ಹೋಗಿದೆ.

ಈ ಪ್ರಶ್ನೆಗೆ ಬೆಳಕು ಬೇಕೆಂದರೆ ನಾವು ಖಡಕಿಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಈ ಊರು ಇತಿಹಾಸದಲ್ಲಿ ಹೆಸರಾದದ್ದು 1817ರ ನವೆಂಬರ್ 5ರಂದು ಪೇಶವೆಯರಿಗೂ ಇಂಗ್ಲಿಷರಿಗೂ ನಡೆದ ಯುದ್ಧದಿಂದ. ಆಮೇಲೆ 1869ರಲ್ಲಿ ಸ್ಥಾಪಿತವಾದ ಮದ್ದುಗುಂಡಿನ ಕಾರ್ಖಾನೆಯಿಂದ. ಆದರೆ ಯುದ್ಧ ಮುರಿದದ್ದನ್ನು ಕಟ್ಟುವ ಕೆಲಸವೂ ಇದೇ ಊರಿನಲ್ಲಿ ನಡೆದಿದೆ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಕ್ವೀನ್ ಮೇರೀಸ್ ಸಂಸ್ಥೆ ಮುಂದೆ ಇಲ್ಲಿಗೇ ಬಂದು ನೆಲೆಸಿತು. 1974ರಲ್ಲಿ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಸ್ಥಾಪನೆಯಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ, ಕೆಲವರು ಕೈಗಳ ಸ್ವಾಧೀನವನ್ನೂ ಕಳೆದುಕೊಂಡ ಯೋಧರು ಅಲ್ಲಿದ್ದಾರೆ. ಅವರಲ್ಲಿ ಕುಂಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಚಿತ್ರ ಬರೆಯುವುದನ್ನು ಕಲಿತವರೂ ಉಂಟು.

ಹೀಗೆ ಬಾಯಿಂದಲೂ ಕಾಲ್ಬೆರಳಿನಿಂದಲೂ ಚಿತ್ರ ಬರೆಯುವವರ ಅಂತರರಾಷ್ಟ್ರೀಯ ಸಂಘವೊಂದಿದೆ. ಪೋಲಿಯೋದಿಂದ ಕೈಗಳ ಸ್ವಾಧೀನ ಕಳೆದುಕೊಂಡಿದ್ದ ಜರ್ಮನಿಯ ಎರಿಕ್ ಸ್ಟೆಗ್‌ಮನ್ ಎಂಬ ಚಿತ್ರಕಾರ ಅದನ್ನು 1956ರಲ್ಲಿ ಸ್ಥಾಪಿಸಿದ. ಸದಸ್ಯರ ಚಿತ್ರಗಳನ್ನು ಶುಭಾಶಯದ ಕಾರ್ಡುಗಳಾಗಿಯೂ ಕ್ಯಾಲೆಂಡರುಗಳಾಗಿಯೂ ಅಚ್ಚು ಹಾಕಿ ಮಾರಿ ಅವರ ಜೀವನಕ್ಕೆ ದಾರಿ ಮಾಡುವುದು ಅದರ ಕೆಲಸ. ‘ದಾನವಲ್ಲ, ಸ್ವಾವಲಂಬನೆ’ ಎಂಬುದು ಅದರ ಧ್ಯೇಯ. ಕನಿಕರಕ್ಕಾಗಿ ಕೊಳ್ಳಬೇಡಿ, ಚಿತ್ರ ಚೆನ್ನಾಗಿದ್ದರೆ ಕೊಳ್ಳಿ ಎಂಬುದೇ ಇದರ ಭಾವಾರ್ಥ. ಇಲ್ಲಿ ನಮ್ಮ ‘ಕೈಯಾರೆ’ ಎಂಬ ಮಾತೇ ತಲೆಕೆಳಗಾಗುತ್ತದೆ. ಕೈಯೇ ಮುಟ್ಟದ ಚಿತ್ರ, ಅದೂ ಸಾವಿರಗಟ್ಟಲೆ ಅಚ್ಚಾಗಿ ಅಂಗಡಿಯಿಂದ ಬಂದದ್ದು. ಆದರೆ ಅದನ್ನು ಯಂತ್ರದ ಮಾಲೆಂದು ಬದಿಗೆ ತಳ್ಳುವ ಧೈರ್ಯ ಯಾರಿಗಿದೆ? ಶ್ರಮವಿದೆ, ಕಲೆಯಿದೆ. ಆದರೂ ಒಂದು ವಸ್ತು ಅದರಲ್ಲಿಲ್ಲ, ಇರುವುದೂ ಸಾಧ್ಯವಿಲ್ಲ. ಆ ಚಿತ್ರಕಾರನಿಗೆ ಧಾರವಾಡದಲ್ಲಿರುವ ನಿಮ್ಮ ತಂಗಿ ಗೊತ್ತಿಲ್ಲ. ಅವಳ ಪಾಲಿನ ಮಾತನ್ನು ನೀವೇ ಬರೆಯಬೇಕು. ಅವನು ತನ್ನ ಭಾಗವನ್ನು ಪೂರೈಸಿದ್ದಾನೆ. ಒಳಗಿನ ಖಾಲಿ ಪುಟ ನಿಮ್ಮದು.

ಆ ಖಾಲಿ ಪುಟದಲ್ಲಿಯೇ ನಿಜವಾದ ಪರೀಕ್ಷೆಯಿದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಮಕ್ಕಳು ಅದೇ ಪುನರ್ವಸತಿ ಕೇಂದ್ರದ ಯೋಧರಿಗೆ ಕಾರ್ಡು ಮಾಡಿ ಒಯ್ಯಬೇಕೆಂದು ಹೊರಟರೆನ್ನಿ. ರೋಗಿಗಳಿಗೆ ಕಳಿಸುವ ಅಂಗಡಿಯ ಕಾರ್ಡಿನ ಮೇಲೆ ‘ಬೇಗ ಗುಣಮುಖರಾಗಿ’ ಎಂದು ಬಂಗಾರದ ಅಕ್ಷರದಲ್ಲಿ ಇರುತ್ತದೆ. ಅದನ್ನು ನೋಡಿಯೇ ಮಕ್ಕಳೂ ಬರೆಯುತ್ತಾರೆ. ಆದರೆ ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಬದುಕನ್ನು ಹೊಸದಾಗಿ ಕಟ್ಟಿಕೊಂಡಿರುವವನಿಗೆ ಆ ಮಾತು ಏನೆಂದು ಕೇಳಿಸೀತು? ಅದು ದುರುದ್ದೇಶದ ಮಾತಲ್ಲ, ಆದರೆ ಸತ್ಯವಾದ ಮಾತೂ ಅಲ್ಲ. ಅವನನ್ನು ನೋಡದೆ ಆಡಿದ ಮಾತು. ‘ನಿಮ್ಮ ಚಿತ್ರ ನೋಡಿದೆವು, ಅದರಲ್ಲಿಯ ನದಿ ಬಹಳ ಹಿಡಿಸಿತು, ಇನ್ನೊಂದು ಯಾವಾಗ ಬರೆಯುತ್ತೀರಿ?’ ಎಂದು ಒಂದು ಮಗು ಬರೆದರೆ ಅಲ್ಲಿ ಹಾರೈಕೆಯೂ ಉಂಟು, ಸತ್ಯವೂ ಉಂಟು. ಅಕ್ಷರ ಸೊಟ್ಟಗಿದ್ದರೇನು? ಕಾರ್ಡನ್ನು ನಾವೇ ಮಾಡುವುದರ ದೊಡ್ಡ ಪ್ರಯೋಜನ ನನಗೆ ಇಲ್ಲಿ ಕಾಣುತ್ತದೆ. ‘ಈ ಮನುಷ್ಯನಿಗೆ ನಾನು ಏನನ್ನು ಹಾರೈಸಬಲ್ಲೆ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಖಾಲಿ ಹಾಳೆ ಬಿಡುವುದಿಲ್ಲ. ಅಂಗಡಿಯ ಕಾರ್ಡು ಆ ಕಷ್ಟವನ್ನು ಹಣ ತೆಗೆದುಕೊಂಡು ನಮ್ಮ ತಲೆಯಿಂದ ಇಳಿಸುತ್ತದೆ.

ಎರಡನೆಯ ಮಹಾಯುದ್ಧದ ನಂತರ ಝೆಕೊಸ್ಲೊವಾಕಿಯದ ಒಂದು ಹಳ್ಳಿಯ ಏಳು ವರ್ಷದ ಹುಡುಗಿ ಯಿಟ್ಕಾ ಸಾಮ್ಕೋವಾ, ತನ್ನ ಹಳ್ಳಿಗೆ ಬಂದ ಯುನಿಸೆಫ್ ನೆರವಿಗೆ ಕೃತಜ್ಞತೆಯಾಗಿ, ಕುಣಿಯುವ ಮಕ್ಕಳ ಚಿತ್ರವೊಂದನ್ನು ಬರೆದಳು. ಕಾಗದ ಸಿಗದ್ದರಿಂದ ಗಾಜಿನ ಮೇಲೆ ಬರೆದಳು. 1949ರಲ್ಲಿ ಅದೇ ಯುನಿಸೆಫಿನ ಮೊದಲ ಶುಭಾಶಯದ ಕಾರ್ಡಾಯಿತು. ಮಗು ಬರೆಯುವಾಗ ಅವಳ ಮನಸ್ಸಿನಲ್ಲಿ ಕಾರ್ಡೂ ಇರಲಿಲ್ಲ, ಪ್ರದರ್ಶನವೂ ಇರಲಿಲ್ಲ. ಹೇಳಬೇಕಾದ ಒಂದು ಮಾತಿತ್ತು. ಮಾತು ಮೊದಲು ಹುಟ್ಟಿ ಆಮೇಲೆ ಗಾಜನ್ನು ಹುಡುಕಿತು. ನಾವು ಬಹಳ ಸಲ ಬಣ್ಣದ ಕಾಗದ, ಅಂಟು, ಜರಿ ಎಲ್ಲವನ್ನೂ ಹರಡಿಕೊಂಡು ಕುಳಿತ ಮೇಲೆ ಮಾತನ್ನು ಹುಡುಕುತ್ತೇವೆ.

ಇನ್ನು ಸಂದರ್ಭಗಳ ವಿವೇಕ. ತೊಟ್ಟಿಲ ಕಾರ್ಯಕ್ಕೂ ಹುಟ್ಟುಹಬ್ಬಕ್ಕೂ ಎಷ್ಟು ಬಣ್ಣವಿದ್ದರೂ ಒಪ್ಪುತ್ತದೆ. ಕಾರ್ಖಾನೆಯಿಂದ ನಿವೃತ್ತನಾಗುವವನಿಗೆ ‘ಇನ್ನು ಹಾಯಾಗಿ ವಿಶ್ರಾಂತಿ ಪಡೆಯಿರಿ’ ಎನ್ನುವ ಮೊದಲು ಅವನಿಗೆ ವಿಶ್ರಾಂತಿ ಬೇಕೋ ಭಯವೋ ಎಂದು ಯೋಚಿಸಬೇಕು. ಅವನಿಂದ ಕಲಿತ ಒಂದು ಕೆಲಸವನ್ನು ಹೆಸರಿಸಿ ಬರೆದರೆ ಅದೇ ದೊಡ್ಡ ಮರ್ಯಾದೆ. ಸಾವಿನ ಮನೆಗೆ ಚಿತ್ತಾರ ಬೇಡ. ಸತ್ತವರ ಬಗ್ಗೆ ನಮಗೆ ನೆನಪಿರುವ ಒಂದು ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದರೆ, ಅದನ್ನು ಯಾರೂ ಹರಿದು ಹಾಕುವುದಿಲ್ಲ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವಂತಿಲ್ಲ; ಬಟ್ಟೆಯ ಮುಂದೆ ಕಾಣುವುದೇ ಹಿಂದೆಯೂ ಕಾಣಬೇಕು. ಹಾರೈಕೆಗೂ ಅದೇ ನಿಯಮ ಸಲ್ಲುತ್ತದೆ.

ಕೊನೆಯದಾಗಿ, ಹೊರನಾಡಿನವರಾದ ನಮಗೆ ಹೆಚ್ಚು ತಟ್ಟುವ ಮಾತು. ಕಾರ್ಡು ಹೋಗಲಾರದವನ ಪ್ರತಿನಿಧಿ ಎಂದು ಮೇಲೆ ಹೇಳಿದೆ. ಆದರೆ ಪ್ರತಿನಿಧಿ ಸಮರ್ಥನಾದಷ್ಟೂ ಯಜಮಾನ ಸೋಮಾರಿಯಾಗುವುದುಂಟು. ಹುಬ್ಬಳ್ಳಿಯಲ್ಲಿ ಒಬ್ಬರೇ ಇರುವ ಅವ್ವನಿಗೆ ಪ್ರತಿ ವರ್ಷ ಮೊಮ್ಮಕ್ಕಳ ಕೈಯಿಂದ ಚೆಂದದ ಕಾರ್ಡು ಹೋಗುತ್ತದೆ. ಅವರು ಅದನ್ನು ದೇವರ ಮುಂದೆ ಇಟ್ಟು ನೆರೆಯವರಿಗೆಲ್ಲ ತೋರಿಸುತ್ತಾರೆ. ನಮ್ಮ ಮನಸ್ಸಿಗೂ ಕರ್ತವ್ಯ ಮುಗಿದಂತೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನೇ ನಾವು ಸಂಶಯದಿಂದ ನೋಡಬೇಕು. ಹೋಗಲಾರದಾಗ ಕಳಿಸಿದ ಕಾರ್ಡು ಪ್ರೀತಿ. ಹೋಗಬಹುದಾಗಿದ್ದಾಗ ಕಳಿಸಿದ ಕಾರ್ಡು ತಪ್ಪಿಸಿಕೊಳ್ಳುವಿಕೆ. ಎರಡರಲ್ಲಿಯೂ ಅದೇ ರಂಗೋಲಿ, ಅದೇ ಬಣ್ಣ. ನೋಡುವವರಿಗೆ ವ್ಯತ್ಯಾಸ ತಿಳಿಯದು. ಕಳಿಸಿದವನಿಗೆ ಮಾತ್ರ ತಿಳಿದಿರುತ್ತದೆ.

ಆದ್ದರಿಂದ ಕೊಂಡದ್ದೋ ಮಾಡಿದ್ದೋ ಎಂಬ ವಾದವನ್ನು ಇಷ್ಟಕ್ಕೆ ಬಿಡೋಣ. ಬಿಡಿಸಲು ಬರುವವರು ಬಿಡಿಸಲಿ, ಬಾರದವರು ಕೊಳ್ಳಲಿ. ಖಡಕಿಯ ಯೋಧನ ಚಿತ್ರವಿರುವ ಕಾರ್ಡೇ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಒಳಪುಟದಲ್ಲಿ ಬರೆದ ಒಂದು ಸಾಲಾದರೂ ಬೇರೊಬ್ಬರ ಹೆಸರು ಹಾಕಿ ಕಳಿಸಲು ಬಾರದಂಥದಾಗಿರಲಿ. ಮುಂದಿನ ರಜೆಗೆ ಯಾವಾಗ ಬರುತ್ತೇವೆಂಬುದನ್ನೂ ಅದರ ಕೆಳಗೆ ಬರೆಯೋಣ; ಬರೆದ ಮೇಲೆ ಹೋಗಿಬರೋಣ.