ಬೇಟೆಗಾರ ನೆಟ್ಟ ಸೇಬು

ಕಾಡಂಚಿನಲ್ಲಿ ಮೆಕ್ಕೆಜೋಳ ಸುರಿದು, ತಿನ್ನಲು ಬಂದ ಜಿಂಕೆಗೆ ಗುಂಡು ಹೊಡೆಯುವುದು ಅಮೆರಿಕದ ಎಷ್ಟೋ ಕಡೆ ಅಪರಾಧ. ಅದೇ ಜಾಗದಲ್ಲಿ ಸೇಬಿನ ಸಸಿ ನೆಟ್ಟು, ಅದು ಮರವಾಗಿ ಹಣ್ಣು ಉದುರಿಸುವವರೆಗೆ ಕಾದು, ಆ ಹಣ್ಣಿಗೆ ಬಂದ ಜಿಂಕೆಯನ್ನು ಹೊಡೆದರೆ ಸಾಮಾನ್ಯವಾಗಿ ತಪ್ಪಿಲ್ಲ. ಪರವಾನಗಿ ಇರಬೇಕು, ಬೇಟೆಯ ಕಾಲವಾಗಿರಬೇಕು, ಅಷ್ಟೇ. ಬಿದ್ದ ಹಣ್ಣನ್ನು ಬುಟ್ಟಿಗೆ ತುಂಬಿ ಇನ್ನೊಂದು ಕಡೆ ರಾಶಿ ಹಾಕಿದರೋ, ಮತ್ತೆ ಅಪರಾಧ. ಕೇಳಿದ ತಕ್ಷಣ ವಕೀಲರ ಕಸರತ್ತು ಅನ್ನಿಸುತ್ತದೆ. ಸುರಿದದ್ದು ಯಾವುದು, ಉದುರಿದ್ದು ಯಾವುದು ಎಂದು ಜಿಂಕೆಗೇನು ಗೊತ್ತು?

ಕಾರಣ ಇಲ್ಲದೇನಿಲ್ಲ. 1967ರಲ್ಲಿ ಕೊಲರಾಡೋದಲ್ಲಿ ಕೂಡಿಹಾಕಿದ್ದ ಜಿಂಕೆಗಳಲ್ಲಿ ಮೊದಲು ಕಂಡ ಒಂದು ಮೆದುಳಿನ ಕಾಯಿಲೆ ಈಗ ಹಲವು ರಾಜ್ಯಗಳಿಗೆ ಹಬ್ಬಿದೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಪತ್ತೆಯಾಯಿತು. ಜಿಂಕೆ ಸೊರಗಿ ಸೊರಗಿ ಸಾಯುತ್ತದೆ, ಮದ್ದಿಲ್ಲ. ಜೊಲ್ಲು, ಮೂತ್ರಗಳಿಂದ ಹರಡುವ ಇಂಥ ರೋಗಕ್ಕೆ, ದಿನವೂ ಹತ್ತಾರು ಮೂತಿಗಳು ತಾಗುವ ಜೋಳದ ರಾಶಿಗಿಂತ ಒಳ್ಳೆಯ ಜಾಗ ಬೇಕೆ? ಮರದಡಿಯ ಹಣ್ಣಾದರೋ ಚದುರಿ ಬೀಳುತ್ತದೆ, ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದರೆ ನನಗೆ ಕಾಣುವ ದೊಡ್ಡ ವ್ಯತ್ಯಾಸ ಬೇರೆ. ಜೋಳದ ಮೂಟೆ ತಂದು ಸುರಿಯಲು ಒಂದು ಮಧ್ಯಾಹ್ನ ಸಾಕು. ಸೇಬಿಗೆ ವರ್ಷಗಳು ಬೇಕು. ಅಷ್ಟರಲ್ಲಿ ಬೇಟೆಗಾರ ತನಗೇ ತಿಳಿಯದಂತೆ ತೋಟಗಾರನಾಗಿರುತ್ತಾನೆ.

ಅದೂ ತಲೆಕೆಳಗಾದ ತೋಟಗಾರಿಕೆ. ಮಾರುಕಟ್ಟೆಗೆ ಬೆಳೆಯುವವನು ಕೈಗೆಟುಕುವ ಗಿಡ್ಡ ಮರ ಬಯಸುತ್ತಾನೆ. ಇವನಿಗೆ ಎತ್ತರದ ಮರವೇ ಬೇಕು. ಏಕೆಂದರೆ ಇವನ ಗಿರಾಕಿ ಹಿಂಗಾಲ ಮೇಲೆ ನಿಂತು ಕೊಂಬೆ ಎಳೆಯುವಂಥದ್ದು. ಹಾಗಾಗಿ ದೊಡ್ಡದಾಗಿ ಬೆಳೆಯುವ ಬೇರುಸಸಿಯ ಮೇಲೆ ಕಸಿ ಕಟ್ಟಿದ ಗಿಡವನ್ನೇ ಹುಡುಕುತ್ತಾನೆ. ಅದು ಫಲಕ್ಕೆ ಬರಲು ಎಂಟು-ಹತ್ತು ವರ್ಷವಾದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಗಿಡವನ್ನು ಕಾಯಬೇಕಾದದ್ದು ಜಿಂಕೆಯಿಂದಲೇ! ಚಿಗುರು ಕಂಡರೆ ಮೇಯುತ್ತದೆ. ಶರತ್ಕಾಲದಲ್ಲಿ ಗಂಡು ಜಿಂಕೆ ಎಳೆಯ ಕಾಂಡಕ್ಕೆ ಕೊಂಬು ಉಜ್ಜಿ ತೊಗಟೆ ಸುಲಿದುಹಾಕುತ್ತದೆ. ಅದಕ್ಕೆ ಸುತ್ತ ಐದಡಿ ಎತ್ತರದ ತಂತಿಬಲೆ. ಹಿಮದಡಿ ನುಸುಳುವ ಇಲಿಗಳು ಬುಡದ ತೊಗಟೆಯನ್ನು ಸುತ್ತಲೂ ಕಡಿದರೆ ಗಿಡದ ಕಥೆ ಮುಗಿಯಿತು. ಅದಕ್ಕೆ ಸಣ್ಣ ಕಣ್ಣಿನ ಇನ್ನೊಂದು ಜಾಲರಿ.

ಯಾವ ಹಣ್ಣು ಎನ್ನುವುದಕ್ಕಿಂತ ಯಾವಾಗ ಉದುರುತ್ತದೆ ಎನ್ನುವುದು ಇಲ್ಲಿ ಮುಖ್ಯ. ವಿಸ್ಕಾನ್ಸಿನ್‌ನ ಬಂದೂಕು ಬೇಟೆ ನವೆಂಬರ್ ಕೊನೆಯ ಹೊತ್ತಿನ 9 ದಿನಗಳದ್ದು. ಆಗಸ್ಟಿನಲ್ಲೇ ಉದುರಿ ಮುಗಿಯುವ ತಳಿಯಿಂದ ಬೇಟೆಗಾರನಿಗೆ ಏನೂ ಸಿಗದು. ಚಳಿಗಾಲದವರೆಗೂ ಹಣ್ಣು ಹಿಡಿದುಕೊಳ್ಳುವ ಪುಟ್ಟ ಹುಳಿ ಸೇಬಿಗೆ ಅದಕ್ಕೇ ಬೇಡಿಕೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಪರ್ಸಿಮನ್, ನಮ್ಮ ಬೀಡಿ ಎಲೆಯ ಮರದ ಕುಲದ್ದೇ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯನ್ನು ವರ್ಷಗಟ್ಟಲೆ ಸಾಕಿ, ಹೂ ಬಿಟ್ಟ ಮೇಲೆ ಗಂಡೆಂದು ತಿಳಿಯಬಹುದು. ಇನ್ನು ಚೆಸ್ಟ್‌ನಟ್. ಪೂರ್ವ ಅಮೆರಿಕದ ಕಾಡುಗಳಲ್ಲಿ ಜಿಂಕೆ, ಕರಡಿ, ಟರ್ಕಿ ಕೋಳಿಗಳನ್ನೆಲ್ಲ ಸಾಕಿದ ಮರ ಅದು. ಹೊರಗಿನಿಂದ ಬಂದ ಒಂದು ಶಿಲೀಂಧ್ರರೋಗ 1904ರಲ್ಲಿ ನ್ಯೂಯಾರ್ಕ್‌ನ ಪ್ರಾಣಿಸಂಗ್ರಹಾಲಯದ ಮರಗಳಲ್ಲಿ ಕಾಣಿಸಿಕೊಂಡು, ಅರ್ಧ ಶತಮಾನದೊಳಗೆ ನೂರಾರು ಕೋಟಿ ಮರಗಳನ್ನು ಕೊಂದಿತು. ಈಗ ಬೇಟೆಗಾರರು ನೆಡುವುದು ಚೀನಾದ ಚೆಸ್ಟ್‌ನಟ್, ಇಲ್ಲವೇ ಅದರ ಮಿಶ್ರತಳಿ. ಹೋದ ಕಾಡು ಅದರಿಂದ ಬಾರದು. ಆದರೂ ಖಾಲಿ ಬಿದ್ದ ಆ ಜಾಗಕ್ಕೆ ಕೈ ಹಾಕಿದವರಲ್ಲಿ ಬಂದೂಕು ಹಿಡಿದವರೂ ಇದ್ದಾರೆ ಎನ್ನುವುದನ್ನು ಮರೆಯಲಾಗದು.

ಹಣ್ಣು ಬೀಳುವ ಮರದ ಬಳಿ ಮರಸು ಕೂರುವುದು ನಮ್ಮ ಮಲೆನಾಡಿನ ಹಳೆಯ ಶಿಕಾರಿಗಳಿಗೂ ಗೊತ್ತಿದ್ದ ವಿದ್ಯೆ. 1972ರ ವನ್ಯಜೀವಿ ಕಾಯ್ದೆ ಬರುವವರೆಗೆ ನಡೆದೂ ಇತ್ತು. ಆದರೆ ಅವರು ಕಾಡು ಬೆಳೆಸಿದ ಮರವನ್ನು ಹುಡುಕಿಕೊಂಡು ಹೋಗುತ್ತಿದ್ದರು. ಶಿಕಾರಿಗೆಂದೇ ಸಸಿ ನೆಟ್ಟು ದಶಕ ಕಾಯುವ ಅಗತ್ಯ ಅವರಿಗೆ ಬೀಳಲಿಲ್ಲ.

ಇಷ್ಟೆಲ್ಲ ಮಾಡಿದರೂ ಜಿಂಕೆ ಮರ ನೆಟ್ಟವನದಲ್ಲ. ಅಮೆರಿಕದಲ್ಲಿ ಜಮೀನು ಖಾಸಗಿಯಾದರೂ ಕಾಡುಪ್ರಾಣಿ ಸಾರ್ವಜನಿಕರದ್ದು, ಅದರ ಉಸ್ತುವಾರಿ ರಾಜ್ಯದ್ದು. ಇವನ ಸೇಬು ತಿಂದ ಜಿಂಕೆ ಬೇಲಿ ಹಾರಿ ಪಕ್ಕದವನ ಗುಂಡೇಟಿಗೆ ಬಿದ್ದರೆ ತಕರಾರು ಹೇಳುವಂತಿಲ್ಲ. ಎಳೆಯ ಗಂಡುಗಳನ್ನು ಬಿಟ್ಟುಬಿಡೋಣ ಎಂದು ಅಕ್ಕಪಕ್ಕದ ಜಮೀನಿನವರು ಕೂತು ಮಾತಾಡಿಕೊಳ್ಳುವುದು ಅಲ್ಲಿ ಶುರುವಾದದ್ದು ಈ ಸಂಕಟದಿಂದಲೇ ಇರಬೇಕು.

ಗಂಡಿನ ಮಾತು ಸುಲಭ. ಕಷ್ಟ ಇರುವುದು ಹೆಣ್ಣು ಜಿಂಕೆಯ ವಿಷಯದಲ್ಲಿ, ಸಂಖ್ಯೆ ಏರುವುದು ಇಳಿಯುವುದು ಅದರಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಿಳಿಬಾಲದ ಜಿಂಕೆಗಳು ಕೆಲವೇ ಲಕ್ಷಕ್ಕೆ ಇಳಿದಿದ್ದವು. ಈಗ ಸುಮಾರು 3 ಕೋಟಿ ಎಂಬ ಅಂದಾಜಿದೆ. ತೋಳಗಳನ್ನು ಮನುಷ್ಯರೇ ಮುಗಿಸಿದ್ದರಿಂದ ಬಹುತೇಕ ಕಡೆ ಜಿಂಕೆಗಳನ್ನು ಹಿಡಿತದಲ್ಲಿಡುವುದು ಬಂದೂಕೊಂದೇ. ಜಿಂಕೆ ಹೆಚ್ಚಾದ ಕಾಡಿನಲ್ಲಿ ಓಕ್ ಸಸಿಗಳು ಮೊಣಕಾಲೆತ್ತರ ದಾಟುವುದಿಲ್ಲ. ಅಮೆರಿಕದ ವನ್ಯಜೀವಿ ತಜ್ಞ ಆಲ್ಡೋ ಲಿಯೋಪೋಲ್ಡ್ ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಎಳೆಯ ವಯಸ್ಸಿನಲ್ಲಿ ಸ್ವತಃ ತೋಳಗಳನ್ನು ಕೊಂದವರು, ಆಮೇಲೆ ಮನಸ್ಸು ಬದಲಿಸಿಕೊಂಡವರು, ಹಾಳುಬಿದ್ದ ಹೊಲ ಕೊಂಡು ಮನೆಮಂದಿಯೊಂದಿಗೆ ಸಾವಿರಾರು ಪೈನ್ ಸಸಿ ನೆಟ್ಟವರು. 1943ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಟ್ಟಾಗ ಬೆಂಬಲಿಸಿ, ಜನರಿಂದ ಬೈಸಿಕೊಂಡರು. ಬೈದವರಲ್ಲಿ ಬೇಟೆಗಾರರೇ ಬಹಳ.

ಹಣ್ಣಿನ ಮರ ನೆಟ್ಟು ಜಿಂಕೆ ಕರೆದವನು ಹೆಣ್ಣು ಜಿಂಕೆಯ ಪರವಾನಗಿಯನ್ನೂ ಪಡೆಯಬೇಕಾಗುತ್ತದೆ. ಇಲ್ಲದಿದ್ದರೆ ಅವನು ಹಸಿದ ಬಾಯಿಗಳನ್ನಷ್ಟೇ ಹೆಚ್ಚಿಸಿದ ಹಾಗೆ. ಈ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯೂ ಇದೆ. ಆದರೂ ಅಲ್ಲಿ ನನಗೊಂದು ತುಂಡು ಜಮೀನಿದ್ದಿದ್ದರೆ ಸೇಬು ನೆಟ್ಟು ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೇನೋ. ಅದರಿಂದ ಪಕ್ಕದ ಓಕ್ ಸಸಿಗಳಿಗೆ ಯಾವ ಉಪಕಾರವೂ ಆಗುತ್ತಿರಲಿಲ್ಲ.